ಕೈ ಮುಗಿದ ರೇವಪ್ಪನವರು

ತಾಂಡೂರಿನ ಸ್ಟೇಷನ್ ರಸ್ತೆಯಲ್ಲಿ ರೇವಪ್ಪನವರ ಪರಸಿ ಕಲ್ಲಿನ ಅಂಗಡಿ. ನೆಲಕ್ಕೆ ಹಾಸುವ ಆ ಬೂದು ಚಪ್ಪಡಿಗಳ ನಡುವೆಯೇ, ೧೯೬೮ರ ಬೇಸಿಗೆಯಲ್ಲಿ, ಅವರ ಸೊಸೆ ತಾರಾಬಾಯಿ ಜೀವಂತ ಮನುಷ್ಯನನ್ನು ಜಲವರ್ಣದಲ್ಲಿ ಬರೆಯಲು ಕಲಿತಳು.

ಹಿಂದಿನ ವರ್ಷ ಹೈದರಾಬಾದಿನಲ್ಲಿ ಡ್ರಾಯಿಂಗ್ ಟೀಚರ್ ಪರೀಕ್ಷೆಗೆ ಕೂತು ಆ ಒಂದು ವಿಷಯದಲ್ಲೇ ಫೇಲಾಗಿದ್ದಳು. ಅದುವರೆಗೆ ಬರೆದದ್ದೆಲ್ಲ ಫೋಟೋ ನೋಡಿ, ಫೋಟೋ ಅಲುಗುವುದಿಲ್ಲ. ನಾನು ವಿಜ್ಞಾನ ಕಲಿಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ಆಗ ಡ್ರಾಯಿಂಗ್ ಟೀಚರ್ ಜಾಗ ಖಾಲಿಯಿತ್ತು. ಈ ಸಲ ಪಾಸಾದರೆ ಅದು ತಾರಾಬಾಯಿಗೆ, ಇಲ್ಲವಾದರೆ ಬೇರೆಯವರಿಗೆ ಎಂದು ಹೆಡ್‌ಮಿಸ್ಟ್ರೆಸ್ ಹೇಳಿಬಿಟ್ಟಿದ್ದರು.

ಎದುರಿಗೆ ಕೂರಲು ಒಪ್ಪಿದವರು ಮಾವ ಒಬ್ಬರೇ, ಅದೂ ಅಂಗಡಿಯ ಕಟ್ಟೆಯ ಮೇಲೆ. ಬಿಸಿಲಿಗೆ ಬಣ್ಣ ಬೇಗ ಒಣಗಿ ಅಂಚುಗಟ್ಟುತ್ತಿತ್ತು. ಅವಳು ಒಂದು ಪರಸಿಯನ್ನು ತೋಯಿಸಿ, ಕಾಗದದ ಹಿಂಬದಿಯನ್ನೂ ನೆನೆಸಿ, ಅದರ ಮೇಲೆ ಹಾಸಿದಳು. ತಂಪು ಕಲ್ಲಿನ ಮೇಲೆ ಕಾಗದ ಬಹಳ ಹೊತ್ತು ಹಸಿಯಾಗಿಯೇ ಉಳಿಯಿತು.

ಕಾಗದದ ತೊಂದರೆ ತೀರಿತು, ಮಾವನದು ತೀರಲಿಲ್ಲ. ದಾರಿಹೋಕರು 'ಶರಣ್ರಿ' ಎಂದ ಕೂಡಲೇ ಅವರ ಎರಡೂ ಕೈ ಎದೆಗೆ ಬರುತ್ತಿದ್ದವು, ತಲೆ ಬಾಗುತ್ತಿತ್ತು. ಮೊದಲು ತೊಡೆಯ ಮೇಲಿದ್ದ ಕೈ, ಮುಗಿದು ಇಳಿದ ಮೇಲೆ ಗಲ್ಲಾಪೆಟ್ಟಿಗೆಯ ಮೇಲೆ ಕೂರುತ್ತಿತ್ತು. ಜಲವರ್ಣದಲ್ಲಿ ತಪ್ಪಿಗೆ ಬಿಳಿ ಬಳಿದು ಮುಚ್ಚುವಂತಿಲ್ಲ. ಬೆಳಕೆಂದರೆ ಬಣ್ಣ ತಾಗಿಸದೆ ಬಿಟ್ಟ ಕಾಗದವೇ. ಹಾಳೆಗಳು ಕೆಡುತ್ತಲೇ ಹೋದವು.

ಚಹಾ ತಂದ ಅತ್ತೆ ಶಕುಂತಲಾಬಾಯಿ, ಶಾಲೆಗೆ ರಜೆಯಾದ್ದರಿಂದ ಅಲ್ಲೇ ಕೂತು ನೋಡುತ್ತಿದ್ದ ನನ್ನ ಕಡೆ ತಿರುಗಿ, "ಕಲ್ಲ ಮಾರೋರ ಮನ್ಯಾಗ ಕಲ್ಲಿನಂಗ ಕೂಡೋರು ಒಬ್ರೂ ಇಲ್ಲ ನೋಡ್ರಿ," ಎಂದರು.

ಕೈ ಎತ್ತಬೇಡಿರೆಂದು ಸೊಸೆ ಕೇಳಿಕೊಂಡಳು.

"ಶರಣ ಅಂದವರ ಮುಂದ ಸುಮ್ನ ಹ್ಯಾಂಗ ಕೂಡ್ಲಿ, ಯವ್ವಾ? ರೇವಪ್ಪಗ ಸೊಕ್ಕ ಬಂದದ ಅಂತಾರ ಮಂದಿ."

ತಾರಾಬಾಯಿ ಕುಂಚ ಕೆಳಗಿಟ್ಟು ಬರೀ ನೋಡುತ್ತ ಕೂತಳು. ಬಂಡಿಯ ಅಂಜಪ್ಪ ಹೋದ, ಕೈ ಮುಗಿದವು. ಇನ್ಯಾರೋ ಹೋದರು, ಮತ್ತೆ ಮುಗಿದವು. ಪ್ರತಿ ಸಲವೂ ಹೆಬ್ಬೆರಳು ಅಂಗಿಯ ಅದೇ ಗುಂಡಿಗೆ ತಾಗುತ್ತಿತ್ತು. ಇಳಿದ ಕೈ ಎಲ್ಲಿಗೋ ಹೋಗುತ್ತಿತ್ತು, ಮುಗಿದ ಕೈ ಮಾತ್ರ ಅಲ್ಲಿಗೇ ಬರುತ್ತಿತ್ತು. ಅವಳು ಹೊಸ ಹಾಳೆ ತೆಗೆದಳು.

"ಮಾಮಾ, ಇನ್ನ ಎಷ್ಟ ಬೇಕಾದ್ರೂ ಶರಣ ಮಾಡ್ರಿ."

ಒಂದು ಶರಣಿಗೆ ಬೆರಳು, ಇನ್ನೊಂದಕ್ಕೆ ಬಾಗಿದ ಹಣೆ. ನಡುವೆ ಬಣ್ಣ ಕಲೆಸುವುದು. ಮಧ್ಯಾಹ್ನ ರಸ್ತೆ ಖಾಲಿಯಾದಾಗ ಶಕುಂತಲಾಬಾಯಿಯೇ ಬೀದಿಗಿಳಿದು ಗಂಡನೆದುರು ನಿಂತು, "ಶರಣ್ರಿ, ಸಾವಕಾರ," ಎಂದರು. ರೇವಪ್ಪನವರು ನಗು ತಡೆದುಕೊಂಡು ಕೈ ಮುಗಿದರು. ಚಿತ್ರದ ತುಟಿಯಂಚಿನಲ್ಲಿ ಆ ನಗು ಉಳಿದುಕೊಂಡಿತು.

ಹೈದರಾಬಾದಿಗೆ ಅವಳು ಚೀಲದಲ್ಲಿ ಪರಸಿಯ ಚಿಕ್ಕ ತುಂಡೊಂದನ್ನು ಹಾಕಿಕೊಂಡು ಹೋದಳು. ಪರೀಕ್ಷೆಯಲ್ಲಿ ಎದುರಿಗೆ ಕೂರಿಸಿದ್ದ ಮುದುಕ ತೂಕಡಿಸುತ್ತಿದ್ದನಂತೆ. ಉಳಿದವರು ನೆಟ್ಟಗೆ ಕೂರು ಎಂದು ಅವನನ್ನು ಗದರಿಸುತ್ತ ಕಾಗದ ಉಜ್ಜುತ್ತಿದ್ದರು. ತಾರಾಬಾಯಿ ಮೊದಲು ಸುಮ್ಮನೆ ನೋಡಿದಳು. ಜೋಲಿದ ತಲೆ ಎದ್ದಾಗಲೆಲ್ಲ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದು ತಿಳಿದ ಮೇಲೆಯೇ ಕುಂಚ ಅದ್ದಿದಳು. ಆ ವಿಷಯದಲ್ಲೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಅಂಕ ಬಂತು.

ಕೆಲಸಕ್ಕೆ ಸೇರುವ ಬೆಳಿಗ್ಗೆ ಅಂಗಡಿಯ ಮುಂದೆ ನಾವಿಬ್ಬರೂ ಹಾದುಹೋದೆವು. ರೇವಪ್ಪನವರು ಕಟ್ಟೆಯಿಂದ ಎದ್ದು ನಿಂತರು.

"ಶರಣ್ರಿ, ಟೀಚರ್."

ಹೆಬ್ಬೆರಳು ಅದೇ ಗುಂಡಿಯ ಮೇಲಿತ್ತು.