ಬೆಂಚಿನ ಮೇಲೆ ಮಾತಾಡದೆ ಕೂತವರು

ನ್ಯಾಮತಿಯ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಮಂಡಕ್ಕಿ ಅಂಗಡಿ. ಒಂದು ದಿನ ಬೆಂಚಿನ ಮೇಲೆ ಕೂತಿದ್ದ ಹಸಿರು ಸೀರೆಯ ಹೆಂಗಸಿನ ಮುಂದೆ ಒಂದು ಪ್ಲೇಟ್ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ ಇಟ್ಟೆ. ಒಳಗಿಂದ ಬಂದ ನನ್ನ ಹೆಂಡತಿ ಗಿರಿಜಾ, "ಇದು ಯಾರಿಗ್ರೀ?" ಅಂದಳು.

ಬೆಂಚಿನ ಮೇಲೆ ಯಾರೂ ಇರಲಿಲ್ಲ.

ಮರುದಿನ ಪೇಟ ಸುತ್ತಿದ ಏಳೆಂಟು ಗಂಡಸರು ಬಂದರು. ಎಲ್ಲರೂ ಲಕ್ಷಣವಾಗಿ, ಸ್ಪಷ್ಟವಾಗಿ ಕಂಡರು. ನಿಜವಾದ ಗಿರಾಕಿಗಳೇ ನನಗೆ ಮಸುಕು. ಶುಗರ್ ನನ್ನ ಎರಡೂ ಕಣ್ಣಿನ ರೆಟಿನಾ ತಿಂದು ವರ್ಷವಾಗಿತ್ತು. ಈಗ ತಲೆಯೂ ಹೋಯಿತು ಅಂದುಕೊಂಡೆ. ಅಷ್ಟು ಹೆದರಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಜಗಳೂರಿನ ನನ್ನ ಅಕ್ಕ ಹಾಲಮ್ಮ ಫೋನಿನಲ್ಲಿ ಎಲ್ಲ ಕೇಳಿ, "ಗಾಳಿ ಸೋಕೈತೆ ಕಣೋ. ದೇವ್ರ ಹತ್ರ ಕೇಳ್ಸಾನ, ಬಾ" ಅಂದಳು. "ನಿಂಗೇ ಸೋಕೈತೆ" ಎಂದು ಫೋನ್ ಇಟ್ಟುಬಿಟ್ಟೆ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳೇ ಅವಳು. ಆಮೇಲೆ ನಾಲ್ಕು ತಿಂಗಳು ಮಾತಿಲ್ಲ.

ಶಿವಮೊಗ್ಗದ ಡಾಕ್ಟರು ಸ್ಕ್ಯಾನ್ ನೋಡಿ ನಕ್ಕರು. "ತಲೆ ಸರಿಯಾಗಿದೆ ಯಜಮಾನ್ರೇ. ಕಣ್ಣು ಕಳಿಸದೆ ಬಿಟ್ಟಿದ್ದನ್ನ ಮೆದುಳು ತಾನೇ ಬರೆದುಕೊಳ್ತಿದೆ. ಎಲ್ಲರ ಮೆದುಳೂ ಅಷ್ಟಿಷ್ಟು ಹಾಗೆ ಮಾಡುತ್ತೆ. ನಿಮ್ಮದು ಸ್ವಲ್ಪ ಧಾರಾಳ. ಅವರು ಮಾತಾಡ್ತಾರಾ?"

ಇಲ್ಲ ಅಂದೆ. "ಮಾತಾಡಲ್ಲ, ಬರೀ ಕಾಣ್ತಾರೆ" ಅಂದರು.

ಹಾಗಾದರೆ ಇಷ್ಟು ವರ್ಷ ನಾನು ನೋಡಿದ್ದರಲ್ಲಿ ಕಣ್ಣಿನದೆಷ್ಟು, ಮೆದುಳಿನದೆಷ್ಟು? ವಾಪಸ್ ಬರುವಾಗ ಬಸ್ಸಿನಲ್ಲಿ ಗಿರಿಜಾಳನ್ನು ಕೇಳಿದೆ. "ಮೊದ್ಲು ಮಾತ್ರೆ ನುಂಗ್ರಿ" ಅಂದಳು. ಆದರೆ ಅಂಗಡಿಗೆ ಒಂದು ಕಾನೂನು ಸಿಕ್ಕಿತು. ಮಾತಾಡಿದವರಿಗೆ ಮಂಡಕ್ಕಿ, ಸುಮ್ಮನೆ ಕೂತವರಿಗಿಲ್ಲ. "ಬಾಯಿಬಿಟ್ಟು ಕೇಳ್ರಪ್ಪ, ಇಲ್ಲಾಂದ್ರೆ ನಮ್ಮೆಜಮಾನ್ರು ಕೊಡಲ್ಲ" ಎಂದು ಗಿರಿಜಾ ಎಲ್ಲರಿಗೂ ಹೇಳಿಟ್ಟಳು. ಕೆಲಸ ಸುಸೂತ್ರವಾಗಿ ನಡೆಯಿತು. ನನಗೆ ಜಂಬವೂ ಬಂತು.

ಒಂದು ಮಧ್ಯಾಹ್ನ ಗಿರಿಜಾ ಕಡಲೆಹಿಟ್ಟು ಮಾಡಿಸಲು ಗಿರಣಿಗೆ ಹೋಗಿದ್ದಳು. ಹಸಿರು ಸೀರೆಯವಳು ಮತ್ತೆ ಬಂದು ಬೆಂಚಿನ ತುದಿಯಲ್ಲಿ ಕೂತಳು. ಮಾತಿಲ್ಲ. ಮುಖ ಮಸುಕಾಗಿತ್ತು, ಅದರಿಂದಲಾದರೂ ನನಗೆ ಗೊತ್ತಾಗಬೇಕಿತ್ತು. ಅರ್ಧ ಗಂಟೆ ಕೂತೇ ಇದ್ದಳು. ನಾನು ತಮಾಷೆಗೆ, "ನಿಂಗೆ ಬ್ಯಾರೆ ಕೆಲ್ಸ ಇಲ್ಲೇನವ್ವ, ಬಂದು ಬಂದು ಇಲ್ಲೇ ಕೂರ್ತೀಯ?" ಅಂದೆ. ಅವಳು ಎದ್ದು ಹೋದಳು.

ಗಿರಿಜಾ ಬಂದು, "ಈ ಶೇಂಗಾ ಚೀಲ ಯಾರು ಬಿಟ್ಟೋದ್ರು?" ಅಂದಳು.

ಮುಟ್ಟಿದೆ. ಚೀಲ ಇತ್ತು. ಬಾಯಿಗೆ ಹಳೆ ಸೀರೆಯ ಅಂಚು ಸುತ್ತಿ ಮೂರು ಗಂಟು ಹಾಕಿತ್ತು. ಹಾಗೆ ಕಟ್ಟುವವಳು ಒಬ್ಬಳೇ.

ಅಂಗಡಿ ಹಾಗೇ ಬಿಟ್ಟು ಗಿರಿಜಾಳ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದೆ. ಜನರೋ ಜನ. ಅವರಲ್ಲಿ ಎಷ್ಟು ಮಂದಿ ನಿಜವೋ ದೇವರೇ ಬಲ್ಲ. "ಅಕ್ಕಾ! ಹಾಲಕ್ಕಾ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ.

"ಯಾಕೆ ಬಂದ್ಯೋ?" ಅಳುವ ದನಿ ಪಕ್ಕದಲ್ಲೇ ಕೇಳಿತು. "ನೀನೇ ಮೊದ್ಲು 'ಬಾರಕ್ಕ' ಅಂತೀಯ ಅಂತ ಬಾಯಿ ಕಚ್ಕೊಂಡು ಕುಂತಿದ್ದೆ. ಎರಡು ಬಸ್ ಹತ್ತಿ ಬಂದವ್ಳಿಗೆ ಬ್ಯಾರೆ ಕೆಲ್ಸ ಇಲ್ಲೇನು ಅಂತೀಯಲ್ಲೋ!"

"ನೀನು ಇಲ್ಲ ಅಂದ್ಕೊಂಡಿದ್ದೆ ಅಕ್ಕಾ."

ಗಿರಿಜಾ ಕಾಯಿಲೆಯ ಕಥೆಯನ್ನೆಲ್ಲ ಬಿಡಿಸಿ ಹೇಳಿದಳು. ಅಕ್ಕ ತಾನುಟ್ಟಿದ್ದ ಹಸಿರು ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಬೆನ್ನಿಗೆ ರಪ್ಪನೆ ಒಂದು ಬಿತ್ತು.

"ಈಗ ಹೇಳು. ಇದೀನೋ ಇಲ್ವೋ?"

ಬಸ್ ಸ್ಟ್ಯಾಂಡಿನಲ್ಲೇ ನಾನು ಅತ್ತುಬಿಟ್ಟೆ.

ಹೋದ ದೃಷ್ಟಿ ಬರುವುದಿಲ್ಲ. ಉಳಿದಿರುವುದನ್ನು ಇಂಜೆಕ್ಷನ್ ಸದ್ಯಕ್ಕೆ ಕಾಯುತ್ತಿದೆ, ಅಷ್ಟೇ ಪುಣ್ಯ. ಪೇಟದವರು ಈಗಲೂ ಬಂದು ಕೂರುತ್ತಾರೆ. ಅವರ ಮೇಲೆ ನನಗೇನೂ ಸಿಟ್ಟಿಲ್ಲ, ಅವರಿಗೂ ನನ್ನ ಮೇಲೆ ಇದ್ದಂತಿಲ್ಲ. ಅಕ್ಕ ಬಂದರೆ ಮಾತ್ರ ಬೆಂಚಿಗೆ ಹೋಗುವುದಿಲ್ಲ. ಸೀದಾ ಒಳಗೆ ಬಂದು ಮೊದಲು ಬೆನ್ನಿಗೊಂದು ಕೊಡುತ್ತಾಳೆ, ಆಮೇಲೆ ಮೆಣಸಿನಕಾಯಿ ಕೇಳುತ್ತಾಳೆ.