ಹಳ್ಳಕ್ಕಿಳಿಸಲು ಜೀಪು ಸಜ್ಜುಗೊಳಿಸಿದ್ದು

ಬೆಳಗಿನ ತಿರುಗಾಟ ತಪ್ಪಿಸುವವನಲ್ಲ ನಾನು. ಸೈನ್ಯದ ವಾಹನ ವರ್ಕ್‌ಶಾಪಿನಲ್ಲಿ ಕಲಿತ ರೂಢಿ ನಿವೃತ್ತಿಯ ನಂತರವೂ ಬಿಟ್ಟಿಲ್ಲ. ಆ ದಿನ ಹಳ್ಳದವರೆಗೆ ಹೋದವನು ಅಲ್ಲೇ ನಿಂತುಬಿಟ್ಟೆ. ಕುಕನೂರಿಗೆ ಹೋಗುವ ರಸ್ತೆ ಇರಲಿಲ್ಲ. ವರ್ಷವೆಲ್ಲ ಒಣ ಉಸುಕಿರುವ ನಮ್ಮ ಹಳ್ಳದಲ್ಲಿ ಕೆಂಪು ನೀರು ತಟ್ಟೆಯಂತೆ ನಿಂತಿತ್ತು. ಕೆಳಗಿನ ಕೆರೆ ತುಂಬಿ ನೀರು ಹಿಂದಕ್ಕೆ ಒತ್ತಿತ್ತು. ಸೆಳೆತ ಕಡಿಮೆ, ಆಳ ಹೆಚ್ಚು. ಇಷ್ಟು ನೀರನ್ನು ನಮ್ಮ ಯಲಬುರ್ಗಾ ಸೀಮೆಯಲ್ಲಿ ನಾನು ನೋಡಿಯೇ ಇರಲಿಲ್ಲ.

ಮನೆಗೆ ಬಂದು ತಮ್ಮನ ಮುಖ ನೋಡಿದಾಗ ನೀರು ಕಂಡದ್ದಕ್ಕಿಂತ ಹೆಚ್ಚು ಬೆಚ್ಚಿದೆ. ಅವನ ಎರಡೂ ಕಿಡ್ನಿ ಕೈಕೊಟ್ಟಿವೆ. ಗೊತ್ತುಮಾಡಿದ ದಿನಗಳಂದು ಕೊಪ್ಪಳಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಲೇಬೇಕು. ಮಳೆಯಿಂದಾಗಿ ಹಿಂದಿನ ಸರದಿ ತಪ್ಪಿತ್ತು. ಈಗ ಮುಖ ಊದಿ ಕಣ್ಣು ಮುಚ್ಚಿದಂತಾಗಿತ್ತು. ಮಲಗಿದರೆ ಉಸಿರು ಸಿಗದೆ, ಗೋಡೆಗೆ ದಿಂಬು ಒತ್ತಿಕೊಂಡು ಕೂತಿದ್ದ.

ಆಂಬ್ಯುಲೆನ್ಸಿನವನು ಫೋನಿನಲ್ಲಿ, “ಆಚೆ ದಂಡಿಗೆ ಬಂದು ನಿಂದರ್ತೀನ್ರಿ. ಹಳ್ಳ ನೀವಽ ದಾಟಿಸ್ರಿ” ಎಂದ. ಯಲಬುರ್ಗಾ ಕಡೆಯ ರಸ್ತೆ ಆಗಲೇ ಕಿತ್ತುಹೋಗಿತ್ತು. ಟ್ರ್ಯಾಕ್ಟರಿನ ಮೇಲೆ ಹಿಡಿದುಕೊಂಡು ಕೂರುವಷ್ಟು ಶಕ್ತಿ ತಮ್ಮನಲ್ಲಿರಲಿಲ್ಲ. ಉಳಿದದ್ದು ನನ್ನ ಹಳೆಯ ಡೀಸೆಲ್ ಜೀಪು.

ಡೀಸೆಲ್ ಎಂಜಿನ್ನಿಗೆ ಗಾಳಿ ಸಿಕ್ಕರೆ ಸಾಕು, ನೀರಿನಲ್ಲೂ ಓಡುತ್ತದೆ. ಗಾಳಿಯ ಬದಲು ನೀರು ಎಳೆದುಕೊಂಡರೆ ಒಂದೇ ಕ್ಷಣದಲ್ಲಿ ಒಳಗಿನ ರಾಡು ಬಾಗಿ ಸತ್ತುಹೋಗುತ್ತದೆ. ಆದ್ದರಿಂದ ಮೊದಲು ಗಾಳಿಯ ದಾರಿ. ಬೋರಿಗೆ ತಂದು ಉಳಿದಿದ್ದ ಪೈಪನ್ನು ಏರ್ ಫಿಲ್ಟರಿಗೆ ಜೋಡಿಸಿ, ಎಡಗಡೆಯಿಂದ ಮುಂದಿನ ಗಾಜಿನ ಪಕ್ಕದಲ್ಲಿ ಟಾಪಿನ ಎತ್ತರಕ್ಕೆ ನಿಲ್ಲಿಸಿದೆ. ಮಳೆ ಬೀಳದಂತೆ ತುದಿಗೆ ಒಂದು ಬಾಗಿದ ತುಂಡು ಹಾಕಿ ಬಾಯಿಯನ್ನು ಹಿಂದಕ್ಕೆ ತಿರುಗಿಸಿದೆ. ಜೋಡಣೆಗಳಿಗೆ ಸೈಕಲ್ ಟ್ಯೂಬು ಸುತ್ತಿ ಬಿಗಿದೆ. ಹೊಗೆಯ ಕೊಳವೆಗೂ ರಬ್ಬರ್ ಪೈಪು ಕಟ್ಟಿ ಹಿಂದೆ ಮೇಲಕ್ಕೆತ್ತಿದೆ. ಫ್ಯಾನು ನೀರಿಗೆ ಬಡಿದು ರೇಡಿಯೇಟರ್ ಹರಿಯಬಾರದೆಂದು ಬೆಲ್ಟು ಬಿಚ್ಚಿದೆ. ಗೇರ್‌ಬಾಕ್ಸು, ಆಕ್ಸಲ್ಲುಗಳ ಮೇಲಿನ ಉಸಿರಾಟದ ತೂತಿಗೆ, ನೀರು ಸೇರದಂತೆ, ಬೆಳೆಗೆ ಎಣ್ಣೆ ಹೊಡೆಯುವ ಪಂಪಿನ ಸಣ್ಣ ನಳಿಕೆ ಸಿಕ್ಕಿಸಿ ಮೇಲಕ್ಕೆ ಕಟ್ಟಿದೆ. ನೀರು ಎಂಜಿನ್ನಿಗೆ ನೇರ ನುಗ್ಗದಂತೆ ಜೀಪಿನ ಮೂತಿಗೆ ತಾಡಪತ್ರಿ ಬಿಗಿದೆ. ಜೀಪು ತೇಲಬಾರದೆಂದು ಬಾಗಿಲು ಕಳಚಿ, ಹಿಂದೆ ಉಸುಕಿನ ಚೀಲ ಹೇರಿದೆ.

ನಮ್ಮ ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನನಗಿಂತ ಹಿರಿಯಳು, ಮನೆಯಲ್ಲಿ ಅವಳ ಮಾತೇ ಕೊನೆ.

“ಏ ತಮ್ಮಾ, ಬಾಗಲಾ ತಗದು ಯಾರರ ಗಾಡಿ ಹೊಡೀತಾರೇನೋ?”

“ನೀರು ಒಳಗ ಬಂದು ಹೊರಗ ಹೋಗಬೇಕಕ್ಕಾ.”

“ನೀರು ಒಳಗ ಕರಕೊಳ್ಳಾಕ ಇಷ್ಟು ತಯಾರಿ! ಸೈನ್ಯದಾಗ ಇದನ್ನಽ ಕಲಿಸ್ಯಾರ?”

ತಮ್ಮ ಆ ಉಸಿರಿನಲ್ಲೂ ನಕ್ಕ. “ಅಕ್ಕಾ, ಅವನ್ನ ಬೈಬ್ಯಾಡ. ಸಿಟ್ಟಿಗೆದ್ದು ನನ್ನ ಇಲ್ಲೇ ಬಿಟ್ಟಾನು.”

ಮೂವರೂ ದಂಡೆಗೆ ಬಂದೆವು. ಎಂಜಿನ್ ಬಂದ್ ಮಾಡಿ ತಣ್ಣಗಾಗಲು ಬಿಟ್ಟೆ. ಊರಿನ ಒಬ್ಬರು ಟ್ರ್ಯಾಕ್ಟರ್ ತಂದು ಹಿಂದೆ ನಿಲ್ಲಿಸಿ, ನಡುವೆ ನಿಂತರೆ ಹಿಂದಕ್ಕೆಳೆಯಲೆಂದು ಜೀಪಿನ ಹಿಂಭಾಗಕ್ಕೆ ಉದ್ದನೆಯ ಹಗ್ಗ ಬಿಗಿದರು. ಎಲ್ಲವನ್ನೂ ಇನ್ನೊಂದು ಸುತ್ತು ಮುಟ್ಟಿ ನೋಡಿ, ಕೋಲು ಹಿಡಿದು ನೀರಿಗಿಳಿದೆ. ರಸ್ತೆಯ ಅಂಚನ್ನು ಕೋಲಿನಿಂದ ಹುಡುಕುತ್ತ ಹೋದೆ. ನಡುವೆ ನೀರು ಎದೆಯ ಹತ್ತಿರ ಬಂತು, ಕೆಳಗೆ ಡಾಂಬರು ಗಟ್ಟಿಯಿತ್ತು. ತಿರುಗಿ ಬಂದು ಒದ್ದೆ ಬಟ್ಟೆಯಲ್ಲೇ ಹತ್ತಿ ಕೂತೆ. ಅಕ್ಕ ನೀರಿಗೆ ಅರಿಶಿಣ ಕುಂಕುಮ ಬಿಟ್ಟು, ಗಂಗವ್ವನಿಗೆ ಕಾಯಿ ಒಡೆದು ಬದಿಗೆ ಸರಿದಳು.

ಸಣ್ಣ ಗೇರಿನಲ್ಲಿ, ಆಕ್ಸಿಲರೇಟರ್ ಒಂದೇ ಸಮ ಒತ್ತಿ ಇಳಿಸಿದೆ. ನೀರು ಕಾಲಿಗೆ ಬಂತು, ಸೀಟಿಗೆ ಬಂತು. ತಮ್ಮ ಎರಡೂ ಕಾಲನ್ನು ಮೇಲೆಳೆದುಕೊಂಡ. ಜೀಪು ಮುಂದೆ ಅಲೆ ತಳ್ಳುತ್ತ ಸರಿಯಾಗಿ ಹೋಗುತ್ತಿತ್ತು. ನಡು ಹಳ್ಳಕ್ಕೆ ಬಂದಾಗ ಎಂಜಿನ್ ಕೆಮ್ಮಿತು. ಕಪ್ಪು ಹೊಗೆ ಉಗುಳಿತು. ಒತ್ತಿದಷ್ಟೂ ಬಲ ಇಳಿಯುತ್ತ ಬಂತು.

ಮಾಡಿದ್ದನ್ನೆಲ್ಲ ಮನಸ್ಸಿನಲ್ಲೇ ಎಣಿಸಿದೆ. ಯಾವುದನ್ನೂ ಬಿಟ್ಟಿರಲಿಲ್ಲ. ನೀರು ಒಳಗೆ ಹೋಗಿದ್ದರೆ ಹೀಗೆ ಕೆಮ್ಮುತ್ತಿರಲಿಲ್ಲ, ಒಮ್ಮೆಲೇ ಬಿಗಿದು ನಿಲ್ಲುತ್ತಿತ್ತು. ಇದಕ್ಕೆ ಗಾಳಿ ಸಾಲುತ್ತಿರಲಿಲ್ಲ. ಆದರೆ ಪೈಪಿನ ಬಾಯಿ ನಮ್ಮ ತಲೆಯ ಮೇಲಿದೆ!

“ಅಣ್ಣಾ, ಖಣ! ಪೈಪಿನ ಬಾಯಾಗ ಖಣ!”

ನೋಡಿದೆ. ಹಸಿರು ರವಿಕೆ ಖಣ ಪೈಪಿನ ಬಾಯಿಗೆ ಮೆತ್ತಿಕೊಂಡು ಒಳಕ್ಕೆ ಗುಂಡಿ ಬಿದ್ದಿತ್ತು. ನಮ್ಮ ಕಡೆ ಹೊಸ ಬೋರು ಚಾಲೂ ಮಾಡುವ ಮೊದಲು ಪೈಪಿನ ಬಾಯಿಗೆ ಪೂಜೆ ಮಾಡಿ ಖಣ ಕಟ್ಟುತ್ತಾರೆ. ನಾನು ನೀರಿನಲ್ಲಿದ್ದಾಗ ಅಕ್ಕ ಬೋರಿನ ಪೈಪಿಗೆ ಸಲ್ಲಬೇಕಾದ ಮರ್ಯಾದೆಯನ್ನು ಇದಕ್ಕೂ ಸಲ್ಲಿಸಿದ್ದಳು. ಸುಮ್ಮನಿದ್ದಾಗ ಜೋತಾಡುತ್ತಿದ್ದ ಬಟ್ಟೆಯನ್ನು, ಬಲ ಹೆಚ್ಚಾದಾಗ ಎಂಜಿನ್ ಎಳೆದುಕೊಂಡಿತ್ತು.

ಸ್ಟೀರಿಂಗ್ ಬಿಡುವಂತಿರಲಿಲ್ಲ, ಆಕ್ಸಿಲರೇಟರ್ ಬಿಡುವಂತಿರಲಿಲ್ಲ. ತಮ್ಮ ಎಡಗೈ ಚಾಚಿದ.

“ಆ ಕೈ ಬ್ಯಾಡೋ!” ಎಂದು ಕೂಗಿದೆ. ಡಯಾಲಿಸಿಸ್ಸಿಗಾಗಿ ರಕ್ತನಾಳ ಜೋಡಿಸಿದ ಕೈ ಅದು. ಒಂದು ಕೊಡ ಕೂಡ ಎತ್ತಬಾರದೆಂದು ಡಾಕ್ಟರರ ಕಟ್ಟಪ್ಪಣೆ.

ಅವನು ಕೇಳಲಿಲ್ಲ. ಅರ್ಧ ಎದ್ದು, ಖಣವನ್ನು ಮುಷ್ಟಿಯಲ್ಲಿ ಹಿಡಿದು ಎರಡು ಸಲ ಜಗ್ಗಿದ. ಎರಡನೆಯ ಸಲಕ್ಕೆ ಗಂಟು ಹರಿಯಿತು. ಎಂಜಿನ್ ದೊಡ್ಡದಾಗಿ ಉಸಿರೆಳೆದು ಗುಡುಗಿತು. ಆಚೆ ದಂಡೆ ಹತ್ತಿ ಹಗ್ಗ ಬಿಚ್ಚಿದೆ.

ಆಂಬ್ಯುಲೆನ್ಸಿನಲ್ಲಿ ಕೂತಾಗ ಅವನ ತೋಳು ನೋಡಿದೆ. ಜೋಡಣೆಯ ಮೇಲೆ ನೀಲಿ ಬಾವು ಎದ್ದಿತ್ತು. ಆ ನಾಳ ಮುಚ್ಚಿದ್ದರೆ ಹಳ್ಳ ದಾಟಿಯೂ ಉಪಯೋಗವಿಲ್ಲ. ಕೊಪ್ಪಳ ಬರುವವರೆಗೆ ಆ ತೋಳು ಅಲುಗದಂತೆ ನನ್ನ ತೊಡೆಯ ಮೇಲೆ ಇರಿಸಿಕೊಂಡು ಕೂತೆ.

ಆಸ್ಪತ್ರೆಯಲ್ಲಿ ಸಿಸ್ಟರ್ ಬಾವಿನ ಪಕ್ಕ ಎರಡು ಬೆರಳಿಟ್ಟಳು. ಸ್ಟೆತಾಸ್ಕೋಪ್ ಇಟ್ಟಳು. ಜಾಗ ಬದಲಿಸಿ ಮತ್ತೆ ಇಟ್ಟಳು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದೆ.

“ರಕ್ತ ಹರಿಯಾಕತ್ತೈತ್ರಿ. ಛಲೋ ಐತಿ. ಏನು ಎತ್ತಿದ್ರಿ ಈ ಕೈಲೆ?”

“ನಮ್ಮಕ್ಕನ ಖಣಾರೀ,” ಎಂದ ತಮ್ಮ.

ಸಿಸ್ಟರಿಗೆ ಅರ್ಥವಾಗಲಿಲ್ಲ. ಬಾವಿನಿಂದ ದೂರಕ್ಕೆ ಸೂಜಿ ಹಾಕಿ ಯಂತ್ರ ಚಾಲೂ ಮಾಡಿದಳು. ಬಹಳ ಹೊತ್ತಿನ ನಂತರ ಅವನ ಉಸಿರು ಸಡಿಲಾಗಿ ಮುಖಕ್ಕೆ ಮುಖದ ಆಕಾರ ಬಂತು. ನನ್ನನ್ನು ಹತ್ತಿರ ಕರೆದ.

“ಅಣ್ಣಾ, ಮಳಿ ಮುಗಿಯೂತನಕ ಇಲ್ಲೇ ಕೊಪ್ಪಳದಾಗ ಒಂದು ಖೋಲಿ ನೋಡು.”

ಈ ಮಾತನ್ನು ನಾನು ಬೇಸಿಗೆಯಿಂದ ಹೇಳುತ್ತಿದ್ದೆ. ಹೇಳಿದಾಗಲೆಲ್ಲ ಅವನು ಹೊಲ ಬಿಟ್ಟು ಬರುವುದಿಲ್ಲವೆಂದು ಜಗಳವಾಡಿ ಎದ್ದು ಹೋಗುತ್ತಿದ್ದ. ಈಗ ಅವನೇ ಕೇಳಿದ. ಅವನು ಅಷ್ಟು ಹೆದರಿದ್ದನೆಂದು ನನಗೆ ಆಗಷ್ಟೇ ತಿಳಿದದ್ದು.

“ಕೆಳಗಿನ ಅಂತಸ್ತಿಂದು ನೋಡು,” ಎಂದ. “ಮೆಟ್ಟಲಾ ಹತ್ತಾಕ ಆಗೂದಿಲ್ಲ.”

ಆಯಿತೆಂದು ತಲೆಯಾಡಿಸಿ, ಒದ್ದೆ ಬಟ್ಟೆಯಲ್ಲೇ ಖೋಲಿ ಹುಡುಕಲು ಹೊರಟೆ.