ಡೋಣಿ ದಾರಿಯ ಸಪ್ಪೆ ಚಹಾ

ಮೊನ್ನೆ ಲಕ್ಷ್ಮೇಶ್ವರದಿಂದ ಗದಗಕ್ಕೆ ಬರುವಾಗ ಬಸ್ಸು ಮುಳಗುಂದದಲ್ಲಿ ನಿಂತಿತು. ಕಿಟಕಿಯ ಹೊರಗೆ ಯಾರೋ ಚಹಾಕ್ಕೆ ಹಸಿ ಶುಂಠಿ ಜಜ್ಜುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಎದುರುಮನೆ ದೊಡ್ಡವ್ವ ಪಕ್ಕದ ಸೀಟಿನಲ್ಲೇ ಕುಳಿತು ಮುಖ ಸಿಂಡರಿಸಿದಂತಾಯಿತು. "ಇದಕ್ಕ ಚಾ ಅಂತಾರೇನ? ಕಲಗಚ್ಚು!" ಎಂದು ಆಕೆ ಎಷ್ಟು ಚಹಾದಂಗಡಿಗಳ ಮಾನ ಕಳೆದಿದ್ದಳೋ...

ದೊಡ್ಡವ್ವ ಎಂದರೆ ಬಳಗದವಳೇನಲ್ಲ. ಬೆಟಗೇರಿಯ ನಮ್ಮ ಓಣಿಯಲ್ಲಿ ಎದುರುಬದುರು ಮನೆ, ಅವ್ವನ ಜೀವದ ಗೆಳತಿ. ಊರು ಬಿಟ್ಟು ಹೊರಟರೆ ಸಾಕು, ಆಕೆಯ ಕೈಯಲ್ಲೊಂದು ಚೀಲ. ಅದರಲ್ಲಿ ಸಣ್ಣ ಸ್ಟೋವ್, ಪಾತೇಲಿ, ಚಹಾಪುಡಿ, ಸಕ್ಕರೆ, ಶುಂಠಿ. ಬಸ್ಸಿನಲ್ಲಿ ಕಂಡಕ್ಟರ್ ಜಗಳ ತೆಗೆಯುತ್ತಾನೆಂದು ಬಾಡಿಗೆ ಗಾಡಿಯೇ ಬೇಕೆಂದು ಹಟ ಹಿಡಿಯುತ್ತಿದ್ದಳು. ಹಾಲು ಮಾತ್ರ ಒಯ್ಯುತ್ತಿರಲಿಲ್ಲ. ದಾರಿಯಲ್ಲಿ ಯಾವುದೋ ಊರಿನ ಯಾವುದೋ ಬಾಗಿಲಿಗೆ ನಿಂತು, "ಯಕ್ಕಾ, ಒಂದ್ ತಂಬಿಗಿ ಹಾಲ ಕೊಡ್ರಿ, ನೀವೂ ಚಾ ಕುಡೀಯಾಕ ಬರ್ರಿ" ಎಂದು ಕೇಳಿ ತರುವಳು. ಥರ್ಮಾಸಿನ ಚಹಾ ಅಂದರೆ ಆಕೆಗೆ ಮೈ ಉರಿಯುತ್ತಿತ್ತು.

ಇನ್ನು ನಮ್ಮ ಕಡೆಯ ಗಾಳಿ ಕೇಳಬೇಕೆ! ಗುಡ್ಡದ ಮೇಲಿನ ಆ ದೈತ್ಯ ಗಾಳಿಯಂತ್ರಗಳನ್ನೇ ತಿರುಗಿಸುವ ಗಾಳಿ ಸ್ಟೋವನ್ನು ಬಿಟ್ಟೀತೆ? ಅದಕ್ಕೆ ದೊಡ್ಡವ್ವ ಕಂಡುಕೊಂಡ ಗೋಡೆ ನಾವೇ. "ಗಾಳಿಗೆ ಅಡ್ಡ ಕುಂಡ್ರಿ" ಎಂದು ಇಸ್ತ್ರಿ ಧೋತರದ ಗಂಡಸರನ್ನೂ ನೆಲಕ್ಕೆ ಕೂರಿಸುತ್ತಿದ್ದಳು. ಒಮ್ಮೆ ಶಿರಹಟ್ಟಿಯ ಮದುವೆಗೆ ಹೊರಟಾಗ ಅಕ್ಷತೆ ತಪ್ಪುವ ಹೊತ್ತಾದರೂ ಚಹಾ ಕುದಿಯುವ ತನಕ ಒಬ್ಬರನ್ನೂ ಏಳಗೊಡಲಿಲ್ಲ. ಬೈದುಕೊಳ್ಳುತ್ತ ಕುಳಿತೆವು. ಕುಡಿದ ಮೇಲೆ ಯಾರೂ ಬೈಯಲಿಲ್ಲ.

ಅವ್ವನೊಬ್ಬಳನ್ನು ಬಿಟ್ಟು. ಮೊದಲ ಗುಟುಕಿಗೇ ಹೆಸರಿಡಬೇಕು, ಏನಾದರೊಂದು ಕುಂದು ತೆಗೆಯಲೇಬೇಕು ಅವಳು.

"ಸಕ್ಕರಿ ಕಡಿಮಿ ಆತು ನೋಡಕ್ಕಾ."

"ತಡಿ, ಸಕ್ಕರಿ ಚೀಲದಾಗ ನಿನ್ನs ಕುಂಡ್ರಸತೀನಿ!"

ಎಷ್ಟು ಸಕ್ಕರೆ ಸುರಿದರೂ ಈ ಜಗಳ ಹರಿಯಲಿಲ್ಲ. ಹರಿಯುವುದು ಇಬ್ಬರಿಗೂ ಬೇಕಿರಲಿಲ್ಲ ಅನ್ನಿ.

ಅಪ್ಪ ತೀರಿಕೊಂಡಾಗ ಅವ್ವನ ಬಾಯಿ ಕಟ್ಟಿಹೋಯಿತು. ಅಳಲಿಲ್ಲ, ಮಾತಾಡಲಿಲ್ಲ. ಬಾಯಿಗಿಟ್ಟ ತುತ್ತು ಹಾಗೇ ಹೊರಗೆ ಬರುತ್ತಿತ್ತು. ಡಾಕ್ಟರು ಮನೆಗೇ ಬಂದು ಸಲಾಯಿನ್ ಹಚ್ಚಿ, "ಒಮ್ಮೆ ಅತ್ತು ಹಗುರಾಗಲಿ, ಇಲ್ಲಾಂದ್ರ ಜೀವಕ್ಕ ಕಷ್ಟ ಐತಿ" ಎಂದಿದ್ದರು. ನಾನು ಹೆದರಿ ನೀರಾಗಿದ್ದೆ. ಕರ್ಮ ಮುಗಿದ ಮೇಲೆ ತವರಿನವರು ಬಂದು ಕರೆದೊಯ್ಯುವುದು ನಮ್ಮಲ್ಲಿ ರೂಢಿ. ಡೋಣಿಯಿಂದ ಸೋದರಮಾವ ಗಾಡಿ ತಂದ. ಅವ್ವನನ್ನು ಹತ್ತಿಸುವಾಗ ದೊಡ್ಡವ್ವ ಯಾರೂ ಕರೆಯದಿದ್ದರೂ ತನ್ನ ಚೀಲ ಹಿಡಿದು ಹತ್ತಿ ಕುಳಿತಳು.

"ಇಂಥಾ ದಾರ್ಯಾಗೂ ಚಾ ಬೇಕೇನ್ರಿ?" ಎಂದ ಮಾವ.

"ನೀ ಸುಮ್ಕ ಗಾಡಿ ಹೊಡಿ."

ಕಪ್ಪತಗುಡ್ಡ ಹತ್ತಿರಾದಾಗ ರಸ್ತೆ ಬದಿಯ ಬೇವಿನ ಕೆಳಗೆ ನಿಲ್ಲಿಸಿದಳು. ಹಾಲು ಕೇಳಿ ತಂದಳು. ನಾವು ಎಂದಿನಂತೆ ಗಾಳಿಗೆ ಅಡ್ಡ ಕುಳಿತೆವು. ಮಾವ ಒಂದು ಗುಟುಕು ಕುಡಿದು ಮುಖ ಕಿವುಚಿ ಏನೋ ಹೇಳಹೊರಟ. ದೊಡ್ಡವ್ವ ಕಣ್ಣು ಬಿಟ್ಟಳು ನೋಡಿ, ಅಲ್ಲಿಗೇ ನುಂಗಿಕೊಂಡ. ನಾನೂ ಕುಡಿದೆ. ಒಂದು ಹರಳು ಸಕ್ಕರೆಯಿಲ್ಲ! ಆಕೆಯ ಚೀಲದಲ್ಲಿ ಸಕ್ಕರೆ ಡಬ್ಬಿ ತುಂಬಿಯೇ ಇತ್ತು, ನನ್ನ ಕಣ್ಣಾರೆ ಕಂಡೆ.

ಅವ್ವನ ತುಟಿಗೆ ದೊಡ್ಡವ್ವ ತಾನೇ ಕಪ್ಪು ಹಿಡಿದಳು. ಗುಟುಕು ಒಳಗೆ ಹೋಯಿತು. ಅವ್ವ ಆಕೆಯ ಮುಖವನ್ನೇ ನೋಡಿದಳು.

"ಸಕ್ಕರೀನs ಇಲ್ಲಲ್ಲಕ್ಕಾ... ಮರತೀಯೇನ?"

"ಹೌದವಾ, ಮರತೆ. ಮುದುಕಿ ಆದೆ, ಮರತೆ" ಎಂದ ದೊಡ್ಡವ್ವನ ಕೈಯ ಕಪ್ಪು ವಾಲಿ ಚಹಾ ಸೀರೆಯ ಮೇಲೆಲ್ಲ ಚೆಲ್ಲಿತು. ಇಬ್ಬರೂ ತೆಕ್ಕೆಬಿದ್ದು ಬೋರಾಡಿ ಅತ್ತರು. ಮಾವ ಆಚೆ ತಿರುಗಿ ನಿಂತ. ನನಗೆ ಹೋದ ಜೀವ ಬಂದಂತಾಯಿತು.

ಹೋದ ವರ್ಷ ದೊಡ್ಡವ್ವ ಹೋದಳು. ಮಲಗಿದಲ್ಲೇ, ಯಾರಿಗೂ ತೊಂದರೆ ಕೊಡದೆ...

ಮೊನ್ನೆ ಮನೆಗೆ ಬಂದವನು ಅವ್ವನಿಗೆ ಇಷ್ಟು ದಿನ ಹೇಳದೇ ಇದ್ದದ್ದನ್ನು ಹೇಳಿದೆ. "ಅವ್ವಾ, ಅವತ್ತು ದೊಡ್ಡವ್ವ ಮರತಿರಲಿಲ್ಲ. ಬೇಕಂತನ ಸಕ್ಕರಿ ಬಿಟ್ಟಿದ್ಲು."

"ನನಗ ಗೊತ್ತಿಲ್ಲೇನ?" ಎಂದಳು ಅವ್ವ. "ಅಕಿ ಮರಿಯೋ ಪೈಕಿನಾ? ನಿಮ್ಮಪ್ಪನ ಹಿಂದ ನಾನೂ ಹೋಗಿಬಿಡಬೇಕು ಅಂತ ಗಟ್ಟಿ ಮಾಡಿದ್ದೆ, ಖರೆ. ಆದ್ರ ಕಪ್ ಹಿಡದ ಅಕಿ ಮಾರಿ ನೋಡಿದೆ... ನನ್ನ ಒಂದ್ ಮಾತಿಗಿ ಜೀವಾ ಹಿಡಕೊಂಡು ಕುಂತಿದ್ಲು. ಅಕಿ ಸಲುವಾಗಿ ಬಾಯಿ ಬಿಟ್ಟೆ."

ಒಳಗೆ ಹೋಗಿ ಚಹಾ ಮಾಡಿ ತಂದುಕೊಟ್ಟೆ. ಕೈ ತಪ್ಪಿ ಪುಡಿ ಹೆಚ್ಚಾಗಿ ಕಡಕ್ಕಾಗಿತ್ತು, ಮೇಲೆ ಹಾಲೂ ಕಡಿಮೆ. ಅವ್ವ ಸದ್ದಿಲ್ಲದೆ ಅಷ್ಟನ್ನೂ ಕುಡಿದಳು.

"ಹೆಂಗಾಗೈತಿ?" ಎಂದೆ.

"ಛಲೋ ಆಗೈತಿ ಬಿಡಪಾ" ಎಂದು ಕಪ್ಪು ಕೆಳಗಿಟ್ಟಳು. "ಹೆಸರಿಡಾಕ ಅಕಿ ಇರಬೇಕಿತ್ತು."